ಲಕೋಟೆಯೊಳಗಿನ 121ನೇ ನಡೆ

ಐದು ತಿಂಗಳು, 237 ಕಾಯಿ, ಒಂದು ಲಕೋಟೆ. 1938ರಲ್ಲಿ ಜಪಾನಿನ ಇಬ್ಬರು ಘಟಾನುಘಟಿಗಳು ಆಡಿದ ಒಂದು ‘ಗೋ’ ಆಟವನ್ನು ಜಗತ್ತು ಇವತ್ತಿಗೂ ಕಾಯಿ ಕಾಯಿಯಾಗಿ ಬಿಡಿಸಿ ನೋಡುತ್ತದೆ. ದೇವದುರ್ಗ, ಮಾನ್ವಿ ಕಡೆಯ ಕಟ್ಟೆಗಳ ಮೇಲೂ ಬುದ್ಧಿ ಸವೆಸಿ ಹುಲಿ-ಕುರಿ ಆಡಿದವರು ಎಷ್ಟು ಜನವೋ! ಆ ಆಟಗಳಲ್ಲಿ ಒಂದಾದರೂ ಉಳಿದಿದೆಯೇ?

ಲಕೋಟೆ ಒಡೆದರು. ಒಳಗಿನ ಹಾಳೆಯಲ್ಲಿ ಒಂದೇ ಒಂದು ಗುರುತು ಇರಬೇಕು. ಕಪ್ಪು ಕಾಯಿಯ 121ನೇ ನಡೆ. ಅದನ್ನು ಓದಿ ಹೇಳಬೇಕಾದವರ ಕಣ್ಣು ಹಾಳೆಯ ಮೇಲೆ ಅಲೆದಾಡಿತು. ಗುರುತು ಎಲ್ಲಿದೆ?

ಎಲ್ಲರೂ ಹುಡುಕುತ್ತಿದ್ದದ್ದು ನಡುವಿನಲ್ಲಿ. ಹೋರಾಟ ಕಾವೇರಿದ್ದು ಅಲ್ಲಿಯೇ. ಮುಂದಿನ ಕಾಯಿ ಬೀಳಬೇಕಾದದ್ದೂ ಅಲ್ಲಿಯೇ. ಆದರೆ ಗುರುತು ಇದ್ದದ್ದು ಹಾಳೆಯ ಮೇಲಂಚಿನಲ್ಲಿ, ಕದನಕ್ಕೂ ತನಗೂ ಸಂಬಂಧವೇ ಇಲ್ಲವೆಂಬಂಥ ಮೂಲೆಯಲ್ಲಿ.

ಟೋಕಿಯೋದಿಂದ ನೈರುತ್ಯಕ್ಕೆ, ಸಮುದ್ರದಂಡೆಯ ಇತೋ ಎಂಬ ಬಿಸಿನೀರ ಬುಗ್ಗೆಗಳ ಊರಿನ ವಸತಿಗೃಹವೊಂದರಲ್ಲಿ ಈ ಪ್ರಸಂಗ ನಡೆಯಿತು. ಹಲಗೆಯ ಒಂದು ಬದಿಗೆ 64 ವರ್ಷದ ಹೊನಿನ್‌ಬೊ ಶೂಸೈ. ಕೃಶ ದೇಹ, ದುರ್ಬಲ ಹೃದಯ, ಆಸ್ಪತ್ರೆಯಿಂದ ಎದ್ದು ಬಂದ ಜೀವ. ಎದುರಿಗೆ 29 ವರ್ಷದ ಕಿತಾನಿ ಮಿನೊರು. ಸ್ವಲ್ಪ ದೂರದಲ್ಲಿ ಪತ್ರಿಕೆಗಾಗಿ ವರದಿ ಬರೆಯುತ್ತ ಕುಳಿತಿದ್ದವರು ಒಬ್ಬ ಕಾದಂಬರಿಕಾರ. ಹೆಸರು ಯಾಸುನಾರಿ ಕವಾಬಾತ. ಮೂವತ್ತು ವರ್ಷಗಳ ನಂತರ, 1968ರಲ್ಲಿ, ಸಾಹಿತ್ಯದ ನೊಬೆಲ್ ಪ್ರಶಸ್ತಿ ಪಡೆದವರು ಇವರೇ.

ಮೇಲಂಚಿನ ಆ ಕಾಯಿಯನ್ನು ಕಂಡು ಶೂಸೈ ಆ ಹೊತ್ತಿಗೆ ಏನೂ ಅನ್ನಲಿಲ್ಲ. ಆದರೆ ಆಟವೇ ಕೆಟ್ಟುಹೋಯಿತೆಂದು ಅವರು ಒಳಗೊಳಗೇ ಕುದಿದರೆಂದು ಕವಾಬಾತ ಬರೆದಿದ್ದಾರೆ. ಹತ್ತು ನಡೆ ಕಳೆಯುವುದರೊಳಗೆ ಶೂಸೈ ತಪ್ಪು ಮಾಡಿದರು. ಸೋತರು.

ಒಂದು ಕಾಯಿ ಇಟ್ಟದ್ದಕ್ಕೆ ಇಷ್ಟು ರಾದ್ಧಾಂತವೇ ಎಂದು ಕೇಳುವವರಿಗೆ ಮೊದಲು ಆಟವನ್ನು ಹೇಳಬೇಕು. ರಾಯಚೂರು ಸೀಮೆಯವರಿಗೆ ಅದನ್ನು ಹೇಳುವುದು ಕಷ್ಟವಲ್ಲ.

ಹುಲಿ ಕಟ್ಟಿದವರಿಗೆ ಗೋ ಗೊತ್ತು

ಸುಗ್ಗಿ ಮುಗಿದು, ಕಾಲುವೆಯ ನೀರು ನಿಂತು, ಬಿಸಿಲು ನಲವತ್ತು ಡಿಗ್ರಿ ದಾಟುವ ದಿನಗಳಲ್ಲಿ ಈ ಭಾಗದ ಹಳ್ಳಿಗಳಲ್ಲಿ ಮಧ್ಯಾಹ್ನ ಕಳೆಯಲು ಇರುವ ಜಾಗ ಎರಡು: ಗುಡಿಯ ಪೌಳಿ, ಬೇವಿನ ಮರದ ಕಟ್ಟೆ. ಹಾಸುಗಲ್ಲಿನ ಮೇಲೆ ಇದ್ದಿಲಿನಿಂದಲೋ ಸುಣ್ಣದ ಕಡ್ಡಿಯಿಂದಲೋ ಗೆರೆ ಎಳೆದರೆ ಹುಲಿ-ಕುರಿಯ ಪಟ ಸಿದ್ಧ. ಹುಣಸೆ ಬೀಜ ಕುರಿ, ಬೆಣಚುಕಲ್ಲು ಹುಲಿ. ಮೂರು ಹುಲಿ, ಹದಿನೈದು ಕುರಿ. ಹುಲಿ ಹಾರಿ ಕುರಿ ತಿನ್ನುತ್ತದೆ. ಕುರಿಗೆ ಹಾರಲು ಬರುವುದಿಲ್ಲ, ತಿನ್ನಲೂ ಬರುವುದಿಲ್ಲ. ಅದಕ್ಕೆ ಬರುವುದು ಒಂದೇ ವಿದ್ಯೆ: ಒತ್ತಾಗಿ ನಿಂತು ಹುಲಿಯ ದಾರಿ ಕಟ್ಟುವುದು. ಹುಲಿಗೆ ಅಲುಗಾಡಲು ಜಾಗವಿಲ್ಲದಂತಾದಾಗ ಕಟ್ಟೆಯ ಸುತ್ತ ನಿಂತವರೆಲ್ಲ ಒಂದೇ ದನಿಯಲ್ಲಿ, “ಹುಲಿ ಸಿಕ್ಕಿಬಿತ್ತ ನೋಡ್ರಿ!”

ಗೋ ಆಟದ ಪ್ರಾಣವೂ ಇದೇ. ಚದುರಂಗದಲ್ಲಿ ಕಾಯಿ ಮನೆಯೊಳಗೆ ಕೂರುತ್ತದೆ. ಹುಲಿ-ಕುರಿಯಲ್ಲಿ ಗೆರೆ ಗೆರೆ ಕೂಡುವ ಕಡೆ ಕೂರುತ್ತದೆ. ಗೋ ಕೂಡ ಹಾಗೆಯೇ. ಅಡ್ಡ 19, ಉದ್ದ 19 ಗೆರೆ, ಒಟ್ಟು 361 ಕೂಡುಜಾಗ. ಒಬ್ಬನಿಗೆ ಕಪ್ಪು, ಇನ್ನೊಬ್ಬನಿಗೆ ಬಿಳಿ. ಸರದಿಯ ಮೇಲೆ ಒಂದೊಂದೇ ಕಾಯಿ ಇಡಬೇಕು. ಒಮ್ಮೆ ಇಟ್ಟದ್ದನ್ನು ಕದಲಿಸುವಂತಿಲ್ಲ. ಎದುರಾಳಿಯ ಕಾಯಿಯ ಸುತ್ತಲಿನ ಖಾಲಿ ಜಾಗಗಳನ್ನೆಲ್ಲ ಮುಚ್ಚಿಬಿಟ್ಟರೆ ಅದರ ಉಸಿರು ಕಟ್ಟುತ್ತದೆ, ಎತ್ತಿ ಹೊರಗಿಡುತ್ತಾರೆ. ಹುಲಿ-ಕುರಿಯಲ್ಲಿ ಕಟ್ಟುವ ಕೆಲಸ ಕುರಿಗೆ ಮಾತ್ರ. ಇಲ್ಲಿ ಎರಡೂ ಕಡೆಯವರು ಕಟ್ಟುತ್ತಾರೆ. ಎಲ್ಲರೂ ಕುರಿ, ಎಲ್ಲರೂ ಹುಲಿ!

ಆದರೆ ಕೊಲ್ಲುವುದು ಗುರಿಯಲ್ಲ. ಗುರಿ ನೆಲ. ಕೊನೆಯಲ್ಲಿ ಯಾರ ಕಾಯಿಗಳು ಹೆಚ್ಚು ಖಾಲಿ ಜಾಗವನ್ನು ಸುತ್ತುವರಿದಿವೆಯೋ ಅವರು ಗೆದ್ದಂತೆ.

ಈ ಮಾತು ರಾಯಚೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ಈ ದೋಆಬ್ ಇನ್ನೂರು ವರ್ಷ ಅಂಥದ್ದೇ ಒಂದು ಹಲಗೆಯಾಗಿತ್ತು. ದಕ್ಷಿಣದಿಂದ ವಿಜಯನಗರ, ಉತ್ತರದಿಂದ ಬಹಮನಿ, ಆಮೇಲೆ ಬಿಜಾಪುರ. ಚದುರಂಗದಲ್ಲಿ ರಾಜ ಸಿಕ್ಕಿಬಿದ್ದರೆ ಆಟ ಮುಗಿಯಿತು. ಇಲ್ಲಿ ರಾಜರು ಸಿಗುತ್ತಿರಲಿಲ್ಲ. ಅವರು ತಮ್ಮ ರಾಜಧಾನಿಗೆ ಮರಳುತ್ತಿದ್ದರು, ನೆಲದ ಲೆಕ್ಕ ಮಾತ್ರ ಬದಲಾಗುತ್ತಿತ್ತು. 1520ರಲ್ಲಿ ಕೃಷ್ಣದೇವರಾಯ ರಾಯಚೂರಿಗೆ ಮುತ್ತಿಗೆ ಹಾಕಿದ್ದಾಗ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹ ಕೃಷ್ಣೆಯನ್ನು ದಾಟಿ ಈಚೆಗೆ ಬಂದ. ಮೊದಲ ತೋಪಿನ ಹೊಡೆತಕ್ಕೆ ವಿಜಯನಗರದ ಸೇನೆ ತತ್ತರಿಸಿತಾದರೂ ಮತ್ತೆ ಮುನ್ನುಗ್ಗಿ ಬಂದಾಗ, ಬಿಜಾಪುರದವರ ಬೆನ್ನಿಗೆ ಇದ್ದದ್ದು ಹೊಳೆ. ಹಿಂದೆ ಸರಿಯಲು ಜಾಗವಿಲ್ಲದೆ ಸೈನ್ಯ ನೀರುಪಾಲಾದದ್ದನ್ನು ಕುದುರೆ ವ್ಯಾಪಾರಿ ಫೆರ್ನಾವ್ ನುನೀಜ್ ವಿವರವಾಗಿ ಬರೆದಿದ್ದಾನೆ. ಗೋ ಆಟಗಾರನಿಗೆ ಇದರಲ್ಲಿ ಅಚ್ಚರಿಯೇನೂ ಇಲ್ಲ. ಹಲಗೆಯ ಅಂಚಿಗೆ ಒತ್ತಿದ ಕಾಯಿಗೆ ಉಸಿರಿನ ದಾರಿ ಕಡಿಮೆ. ಇದು ಆಟದ ಮೊದಲ ಪಾಠ.

> ಗೋ: ಕಲಿಯಲು ಒಂದು ಹೊತ್ತು
>
> * ಆಟ ಹುಟ್ಟಿದ್ದು ಚೀನಾದಲ್ಲಿ, ಎರಡು ಸಾವಿರ ವರ್ಷಗಳಿಗೂ ಹಿಂದೆ. ಕೊರಿಯಾ, ಜಪಾನಿಗೆ ಹೋದದ್ದು ಅಲ್ಲಿಂದ.
> * ಪೂರ್ತಿ ಜೊತೆಯಲ್ಲಿ ಕಪ್ಪು ಕಾಯಿ 181, ಬಿಳಿ 180. ಮೊದಲ ನಡೆ ಕಪ್ಪಿನದು.
> * ಒಳ್ಳೆಯ ಜಪಾನಿ ಜೊತೆಯಲ್ಲಿ ಕಪ್ಪು ಕಾಯಿ ಕಲ್ಲಿನದು, ಬಿಳಿ ಕಾಯಿ ಕಪ್ಪೆಚಿಪ್ಪಿನದು.
> * ಮೊದಲು ಆಡುವ ಕಪ್ಪಿಗೆ ಸಿಗುವ ಅನುಕೂಲವನ್ನು ಸರಿದೂಗಿಸಲು ಈಗ ಜಪಾನಿನಲ್ಲಿ ಬಿಳಿಗೆ ಆರೂವರೆ ಅಂಕ ಉಚಿತ. 1938ರ ಆ ಆಟದಲ್ಲಿ ಇದು ಇರಲಿಲ್ಲ.
> * ಕಲಿಯುವವರಿಗೆ 9 ಗೆರೆ ಗುಣಿಸು 9 ಗೆರೆಯ ಸಣ್ಣ ಹಲಗೆ ಸಾಕು.

ಜಗಳದ ಬೀಜ ಐದು ವರ್ಷ ಹಿಂದಿನದು

121ನೇ ನಡೆಯ ಕಥೆ 121ರಿಂದ ಶುರುವಾಗುವುದಿಲ್ಲ. ಅದರ ಬೇರು 1933ರಲ್ಲಿದೆ.

ಜಪಾನಿನಲ್ಲಿ ಗೋ ಆಟಕ್ಕೆ ಮಠಗಳಂತೆ ಪರಂಪರೆಯ ನಾಲ್ಕು ಮನೆತನಗಳಿದ್ದವು. ಶೋಗುನ್ ಎಂಬ ಸೇನಾಧಿಪತಿಗಳ ಆಡಳಿತ ಅವಕ್ಕೆ ಸಂಬಳ ಕೊಡುತ್ತಿತ್ತು. ಅವುಗಳಲ್ಲಿ ಹಿರಿದು ಹೊನಿನ್‌ಬೊ ಮನೆತನ. ಶೂಸೈ ಅದರ 21ನೆಯ ಯಜಮಾನ. 1914ರಿಂದ ‘ಮೇಜಿನ್’, ಅಂದರೆ ಆಟಕ್ಕೇ ಒಡೆಯ. ಆ ಪಟ್ಟ ಒಂದು ಕಾಲಕ್ಕೆ ಒಬ್ಬನಿಗೇ ಸಲ್ಲುತ್ತಿತ್ತು. ಅವರು ಸದಾ ಬಿಳಿ ಹಿಡಿಯುತ್ತಿದ್ದರು. ಸರಿಸಮನಿಲ್ಲದವನು ಮೊದಲು ಆಡುವ ಲಾಭ ಪಡೆಯಬಾರದೆಂಬುದು ವಾಡಿಕೆ.

1933ರ ಅಕ್ಟೋಬರಿನಲ್ಲಿ ಅವರೆದುರು ಕಪ್ಪು ಹಿಡಿದು ಕುಳಿತದ್ದು ಚೀನಾದಿಂದ ಬಂದ 19ರ ಹುಡುಗ ಗೋ ಸೈಗೆನ್. ಯೊಮಿಯುರಿ ಪತ್ರಿಕೆ ಏರ್ಪಡಿಸಿದ್ದ ಆಟ. ಹುಡುಗ ಮೊದಲ ಕಾಯಿಯನ್ನೇ ಹೊನಿನ್‌ಬೊ ಮನೆತನದವರು ನಿಷಿದ್ಧವೆಂದು ನಂಬಿದ್ದ ಮೂಲೆಯ ಜಾಗದಲ್ಲಿಟ್ಟ. ಎರಡನೆಯದನ್ನು ಎದುರು ಮೂಲೆಯಲ್ಲಿ, ಮೂರನೆಯದನ್ನು ಹಲಗೆಯ ನಟ್ಟನಡುವಿನಲ್ಲಿ. ಗುರುಗಳ ಮುಂದೆ ಹೀಗೆ ಆಡುವುದೇ ಎಂದು ಓದುಗರು ಪತ್ರಿಕೆಗೆ ಸಿಟ್ಟಿನ ಪತ್ರ ಬರೆದರು.

ಇದು ಹುಡುಗಾಟವಾಗಿರಲಿಲ್ಲ. ಅದೇ ಬೇಸಗೆಯಲ್ಲಿ ಸೈಗೆನ್ ಮತ್ತು ಅವರ ಗೆಳೆಯ ಕಿತಾನಿ ನಾಗಾನೊ ಸೀಮೆಯ ಬಿಸಿನೀರ ಬುಗ್ಗೆಯೊಂದರ ಬಳಿ ಕುಳಿತು, ಮೂಲೆ ಕಾಯುವ ಹಳೆಯ ಪದ್ಧತಿ ಬಿಟ್ಟು ನಡುವಿನ ಕಡೆಗೆ ಕೈ ಚಾಚುವ ಹೊಸ ಆರಂಭ ಪದ್ಧತಿಯನ್ನು ಕಟ್ಟಿದ್ದರು. ಮರುವರ್ಷ ಅದರ ಮೇಲೆ ಬಂದ ಪುಸ್ತಕ ಜಪಾನಿನಲ್ಲಿ ಬಿಸಿ ಬಿಸಿಯಾಗಿ ಖರ್ಚಾಯಿತು.

ಶೂಸೈ–ಸೈಗೆನ್ ಆಟದಲ್ಲಿ ಹಿರಿಯರಿಗೆ ಒಂದು ಸವಲತ್ತು ಇತ್ತು. ತಮ್ಮ ಸರದಿ ಬಂದಾಗ ಆಟವನ್ನು ಆ ದಿನಕ್ಕೆ ನಿಲ್ಲಿಸಬಹುದು. ಶೂಸೈ ಅದನ್ನು ಧಾರಾಳವಾಗಿ ಬಳಸಿದರು. ಹದಿಮೂರು ಬಾರಿ ಆಟ ನಿಂತಿತು. ನಿಂತಾಗಲೆಲ್ಲ ಎದುರಾಳಿಯ ನಡೆ ಕಣ್ಣ ಮುಂದೆ, ಯೋಚಿಸಲು ದಿನಗಟ್ಟಲೆ ಸಮಯ, ಮನೆ ತುಂಬ ಶಿಷ್ಯರು. ಮೂರೂವರೆ ತಿಂಗಳ ನಂತರ, ಸೋಲುವ ಹಾದಿಯಲ್ಲಿದ್ದ ಬಿಳಿ 160ನೇ ನಡೆಯಲ್ಲಿ ಅದ್ಭುತವಾದೊಂದು ಕಾಯಿ ಇಟ್ಟು ಎರಡು ಅಂಕದಿಂದ ಗೆದ್ದಿತು. ಆ ನಡೆ ಕಂಡುಹಿಡಿದದ್ದು ಗುರುವಲ್ಲ, ಶಿಷ್ಯ ಮಾಯೆದಾ ನೊಬುಆಕಿ ಎಂಬ ಗುಸುಗುಸು ಎದ್ದಿತು. ಅದು ನಿಜವೇ ಸುಳ್ಳೇ ಎಂಬ ವಾದ ಇನ್ನೂ ಮುಗಿದಿಲ್ಲ.

ಆದರೆ ಕಿತಾನಿ ಪಾಠ ಕಲಿತರು. ಗೆಳೆಯನಿಗಾದದ್ದು ತನಗಾಗಬಾರದು.

ಡಬ್ಬಿಯಲ್ಲಿ ತುಂಬಿದ ಆಟಗಾರರು

1938ರಲ್ಲಿ ಶೂಸೈ ನಿವೃತ್ತಿಯ ಕೊನೆಯ ಆಟಕ್ಕೆ ಒಪ್ಪಿದರು. ಹೊನಿನ್‌ಬೊ ಪಟ್ಟವನ್ನು ಅವರು ಆ ಹೊತ್ತಿಗಾಗಲೇ ವಂಶದಿಂದ ಬಿಡಿಸಿ ಗೋ ಸಂಸ್ಥೆಯಾದ ನಿಹೋನ್ ಕಿ-ಇನ್‌ಗೆ ಒಪ್ಪಿಸಲು ಸಮ್ಮತಿಸಿದ್ದರು. ಎದುರಾಳಿಯನ್ನು ಆರಿಸಲು ಸ್ಪರ್ಧೆ ನಡೆದು ಕಿತಾನಿ ಗೆದ್ದರು. ಸೈಗೆನ್ ಆಗ ಕ್ಷಯಕ್ಕೆ ಚಿಕಿತ್ಸೆ ಪಡೆಯುತ್ತಿದ್ದರು.

ಈ ಸಲ ಷರತ್ತುಗಳು ಬಿಗಿ. ಒಬ್ಬೊಬ್ಬರಿಗೆ 40 ಗಂಟೆ. ಆಟ ಮುಗಿಯುವವರೆಗೆ ಇಬ್ಬರೂ ಗೊತ್ತುಮಾಡಿದ ವಸತಿಗೃಹದಲ್ಲೇ ಇರಬೇಕು, ಹೊರಗಿನವರ ಜೊತೆ ಆಟದ ಮಾತು ಕೂಡದು. ಜಪಾನಿಗಳು ಇದನ್ನು ‘ಡಬ್ಬಿಯಲ್ಲಿ ತುಂಬುವುದು’ ಎನ್ನುತ್ತಾರೆ. ಎಲ್ಲಕ್ಕಿಂತ ಮುಖ್ಯವಾದದ್ದು ಲಕೋಟೆ. ದಿನದ ಕೊನೆಯಲ್ಲಿ ಯಾರ ಸರದಿಯೋ ಅವರು ತಮ್ಮ ಮುಂದಿನ ನಡೆಯನ್ನು ಯಾರಿಗೂ ಕಾಣದಂತೆ ಬರೆದು ಮುಚ್ಚಿಡಬೇಕು. ಲಕೋಟೆಯ ಮೇಲೆ ಇಬ್ಬರ ಮುದ್ರೆ. ಮುಂದಿನ ಬೈಠಕ್ಕಿನಲ್ಲೇ ಅದನ್ನು ಒಡೆಯುವುದು. ಇದರಿಂದ ಯಾರೂ ಎದುರಾಳಿಯ ನಡೆ ನೋಡಿಕೊಂಡು ದಿನಗಟ್ಟಲೆ ಯೋಚಿಸುವಂತಿಲ್ಲ.

ನ್ಯಾಯವಾದ ಏರ್ಪಾಟು. ಆದರೆ ಇದರಲ್ಲೂ ಒಂದು ಸಂದು ಉಳಿದಿತ್ತು.

ಜೂನ್ 26ರಂದು ಟೋಕಿಯೋದ ಶಿಬಾ ಉದ್ಯಾನದ ಕೊಯೋಕಾನ್‌ನಲ್ಲಿ ಆಟ ಶುರುವಾಯಿತು. ಜುಲೈನಲ್ಲಿ ಬೈಠಕ್ಕು ಹಕೋನೆಯ ಬೆಟ್ಟದೂರಿಗೆ ಹೋಯಿತು. ಅಲ್ಲಿ ಶೂಸೈಯವರ ಹೃದಯ ಕೈಕೊಡತೊಡಗಿತು. ದಿನ ಬದಲಿಸಿ, ಹೊತ್ತು ಕಡಿಮೆ ಮಾಡಿ ಎಂದು ಹಿರಿಯರ ಕಡೆಯವರು. ಕಾಗದದಲ್ಲಿ ಬರೆದಂತೆ ನಡೆಯಲಿ, ಇಲ್ಲದಿದ್ದರೆ ಆಟ ಬಿಡುತ್ತೇನೆ ಎಂದು ಕಿತಾನಿ. ಕಾಯಿಲೆಯ ಮುದುಕನ ಮೇಲೆ ಕರುಣೆ ಬೇಡವೇ ಎಂದು ಕೇಳಿದವರೂ ಇದ್ದರು. ಕರುಣೆ ತೋರಿ ಸೋತರೆ ಅದು ಆಟಕ್ಕೆ ಮಾಡಿದ ಅವಮಾನವಲ್ಲವೇ ಎಂಬುದು ಕಿತಾನಿಯವರ ಸಂಕಟ. ಕವಾಬಾತ ಹಿರಿಯರ ಭಕ್ತರಾದರೂ ಈ ಸಂಕಟವನ್ನು ಮರೆಮಾಚದೆ ಬರೆದಿದ್ದಾರೆ; ಅದು ಅವರ ದೊಡ್ಡತನ.

ಆಗಸ್ಟ್ ನಡುವಿನಲ್ಲಿ ಶೂಸೈ ತಮ್ಮ 100ನೇ ನಡೆಯನ್ನು ಲಕೋಟೆಗೆ ಹಾಕಿ ಆಸ್ಪತ್ರೆ ಸೇರಿದರು. ಆ ಲಕೋಟೆ ಒಡೆದದ್ದು ನವೆಂಬರ್ 18ಕ್ಕೆ, ಇತೋದಲ್ಲಿ. ಮೂರು ತಿಂಗಳು ಒಂದು ಕಾಯಿ ಕತ್ತಲಲ್ಲಿ ಕಾದಿತ್ತು.

ಅದು ಮೋಸವೇ?

ಈಗ 121ಕ್ಕೆ ಬರೋಣ.

ಹಲಗೆಯ ನಡುವಿನಲ್ಲಿ ಬಿಳಿ ನೆಲ ಕಟ್ಟುತ್ತಿದೆ. ಕಪ್ಪು ಅದನ್ನು ಒಡೆಯಬೇಕು. ಹೇಗೆ ನುಗ್ಗಬೇಕೆಂಬುದು ಸುಲಭಕ್ಕೆ ಬಗೆಹರಿಯುವ ಪ್ರಶ್ನೆಯಲ್ಲ. ದಿನ ಮುಗಿಯುತ್ತ ಬಂದಿದೆ, ಸರದಿ ಕಪ್ಪಿನದು, ಲಕೋಟೆಗೆ ಹಾಕುವ ನಡೆ ಬರೆಯಬೇಕು.

ಕಿತಾನಿ ನಡುವನ್ನು ಮುಟ್ಟಲಿಲ್ಲ. ಮೇಲಂಚಿನ ಬಿಳಿಯ ಗುಂಪೊಂದರ ಜೀವಕ್ಕೆ ಕುತ್ತು ತರುವ ಜಾಗದಲ್ಲಿ ಕಾಯಿ ಬರೆದರು. ಬಿಳಿ ಅದಕ್ಕೆ ಉತ್ತರಿಸಲೇಬೇಕು, ಇಲ್ಲದಿದ್ದರೆ ಗುಂಪು ಸಾಯುತ್ತದೆ. ಉತ್ತರ ಎಲ್ಲಿ ಬೀಳುತ್ತದೆಂಬುದೂ ಗೊತ್ತು. ಅಂದರೆ 121 ಬಂದ ಮೇಲೆ 122 ತಾನಾಗಿಯೇ ಬರುತ್ತದೆ. ಆಮೇಲೆ ಮತ್ತೆ ಕಪ್ಪಿನ ಸರದಿ. ಆಟ ನಿಂತಿದ್ದ ಅಷ್ಟೂ ದಿನ ಕಪ್ಪು ಮಾತ್ರ ನಿಶ್ಚಿಂತೆಯಿಂದ 123ರ ಬಗ್ಗೆ ಯೋಚಿಸಬಹುದು. ಬಿಳಿಗೆ ಏನು ನಡೆದಿದೆಯೆಂದೇ ಗೊತ್ತಿಲ್ಲ.

ಶೂಸೈಗೆ ಕಂಡ ಸಂದು ಇದು. ಎದುರಾಳಿ ದಿನಗಟ್ಟಲೆ ಯೋಚಿಸದಿರಲೆಂದು ತಂದ ಲಕೋಟೆಯನ್ನೇ ಯೋಚಿಸುವ ಸಮಯಕ್ಕಾಗಿ ಬಳಸಿಕೊಂಡರು ಎಂಬ ಕೋಪ. ಇಬ್ಬರೂ ಕೂಡಿ ಬರೆದ ಚಿತ್ರದ ಮೇಲೆ ಮಸಿ ಚೆಲ್ಲಿದಂತಾಯಿತು ಎಂಬ ನೋವು. ಐದು ವರ್ಷ ಹಿಂದೆ ತಾವೇ ಹದಿಮೂರು ಸಲ ಆಟ ನಿಲ್ಲಿಸಿದ್ದು ಆ ಗಳಿಗೆಯಲ್ಲಿ ಅವರಿಗೆ ನೆನಪಾಯಿತೋ ಇಲ್ಲವೋ.

ಕಿತಾನಿಯವರ ಪರವಾಗಿ ಹೇಳಲು ಬೇಕಾದಷ್ಟಿದೆ. ಇಂಥ ಒತ್ತಾಯದ ನಡೆಗಳು ಗೋ ಆಟದಲ್ಲಿ ದಿನನಿತ್ಯದ ಮಾತು. ನಡುವಿನ ಕಾಳಗ ಮುಗಿದ ಮೇಲೆ ಆ ಗುಂಪಿನ ಸುತ್ತಲಿನ ಸ್ಥಿತಿ ಬದಲಾಗಿ ಅದೇ ಕಾಯಿಗೆ ಬೆಲೆ ಇಲ್ಲದೆ ಹೋಗಬಹುದು. ಆದ್ದರಿಂದ ಮೊದಲೇ ಆಡಿಬಿಡುವುದು ಜಾಣತನ. ಗಡಿಯಾರದ ಲೆಕ್ಕ ನೋಡಿದರೆ ಅವರಿಗೆ ಸಮಯದ ಹಸಿವಿತ್ತು, ನಿಜ. ಆಟ ಮುಗಿಯುವ ಹೊತ್ತಿಗೆ 40 ಗಂಟೆಯಲ್ಲಿ 34 ಗಂಟೆ 19 ನಿಮಿಷ ಖರ್ಚು ಮಾಡಿದ್ದರು. ಆದರೆ ಅವರು ಮುರಿದ ನಿಯಮ ಯಾವುದು? ಯಾವುದೂ ಇಲ್ಲ. ನಿಯಮದೊಳಗಿದ್ದೂ ಕಣ್ಣಿಗೆ ಚುಚ್ಚುವ ನಡೆ ಅದು. ಕಾನೂನು ಬಲ್ಲ ಹೊಸ ಕಾಲ, ಮರ್ಯಾದೆ ಬಲ್ಲ ಹಳೆಯ ಕಾಲ ಎಂದು ಇಬ್ಬರನ್ನೂ ಎರಡು ಪಕ್ಷ ಮಾಡಿ ಓದುವುದು ಕಾದಂಬರಿಗೆ ಚೆಂದ. ಹಲಗೆಯ ಮೇಲೆ ಅಷ್ಟು ಸರಳವಾಗಿಲ್ಲ. ಹಳೆಯ ಕಾಲದ ಮರ್ಯಾದೆಯೆಲ್ಲ ಹಿರಿಯನಿಗೇ ಅನುಕೂಲವಾಗಿತ್ತೆಂಬುದನ್ನು ಮರೆಯಲಾಗದು.

ಸೋಲಿಸಿದ್ದಂತೂ 121 ಅಲ್ಲ. 129ರಲ್ಲಿ ಕಪ್ಪು ನಡುವಿನ ಬಿಳಿ ಸಾಲನ್ನು ಕತ್ತರಿಸಿತು. ಅಲ್ಲೇ ತಡೆಯಬೇಕಿದ್ದ ಬಿಳಿ ತಡೆಯಲಿಲ್ಲ. 130ನೇ ಕಾಯಿಯನ್ನು ಬೇರೆ ಕಡೆ ಎದುರೇಟಾಗಿ ಬಾರಿಸಿತು. ಕಪ್ಪು ಬಿಟ್ಟೀತೇ? ನಡುವಿನ ಬಿಳಿ ನೆಲ ಕರಗಿಹೋಯಿತು. 130 ತಪ್ಪು ನಡೆಯೆಂದು ಆಟ ಮುಗಿದ ಮೇಲೆ ಎಲ್ಲರೂ ಒಪ್ಪಿದ್ದಾರೆ. ಕೋಪದಲ್ಲಿ ಇಟ್ಟ ಕಾಯಿ ಅದೆಂದು ಕವಾಬಾತ ಓದುತ್ತಾರೆ. ದಣಿದ ದೇಹದ ಎಡವಟ್ಟೆಂದೂ ಓದಬಹುದು. ಶೂಸೈ ಬಳಸಿದ್ದು ಬರೀ 19 ಗಂಟೆ 57 ನಿಮಿಷ. ಇನ್ನರ್ಧ ಸಮಯ ಅವರ ಕೈಯಲ್ಲೇ ಇತ್ತು!

ಡಿಸೆಂಬರ್ 4ರಂದು 237ನೇ ಕಾಯಿ ಬಿತ್ತು. ಕಪ್ಪಿಗೆ ಐದು ಅಂಕದ ಗೆಲುವು. ಇಂದಿನಂತೆ ಬಿಳಿಗೆ ಆರೂವರೆ ಅಂಕ ಕೊಟ್ಟಿದ್ದರೆ ಶೂಸೈ ಒಂದೂವರೆ ಅಂಕದಿಂದ ಗೆಲ್ಲುತ್ತಿದ್ದರು ಎಂದು ಲೆಕ್ಕ ಹಾಕುವವರಿದ್ದಾರೆ. ಲೆಕ್ಕವೇನೋ ಸರಿ. ಆದರೆ ಆ ಅಂಕ ಇದ್ದಿದ್ದರೆ ಕಿತಾನಿ ಮೊದಲಿನಿಂದಲೇ ಬೇರೆ ಆಟ ಆಡುತ್ತಿದ್ದರು.

> ಆಮೇಲೆ ಏನಾಯಿತು?
>
> * ಶೂಸೈ 1940ರ ಜನವರಿ 18ರಂದು ಅತಾಮಿಯಲ್ಲಿ ತೀರಿಕೊಂಡರು. ಅವರ ಮೃತ ಮುಖದ ಚಿತ್ರ ತೆಗೆದವರು ಕವಾಬಾತ.
> * ಹೊನಿನ್‌ಬೊ ಪಟ್ಟ ಸ್ಪರ್ಧೆಯಲ್ಲಿ ಗೆದ್ದವರ ಪಾಲಾಯಿತು. ಹಾಗೆ ಗೆದ್ದ ಮೊದಲಿಗ ಸೆಕಿಯಾಮಾ ರಿಇಚಿ, 1941ರಲ್ಲಿ.
> * ಕಿತಾನಿ ಆ ಪಟ್ಟಕ್ಕೆ ಮೂರು ಸಲ ಸವಾಲು ಹಾಕಿ ಮೂರು ಸಲವೂ ಸೋತರು. ಆದರೆ ಇಶಿದಾ ಯೊಶಿಯೊ, ತಾಕೆಮಿಯಾ ಮಾಸಾಕಿ, ಕೊಬಾಯಾಶಿ ಕೊಇಚಿ, ಚೋ ಚಿಕುನ್ ಅವರ ಮನೆಯಲ್ಲೇ ಬೆಳೆದ ಶಿಷ್ಯರು.
> * ಗೋ ಸೈಗೆನ್ 2014ರಲ್ಲಿ ನೂರು ತುಂಬಿದ ಮೇಲೆ ಕಾಲವಾದರು.
> * ಕವಾಬಾತ ಈ ಆಟದ ವರದಿಗಳನ್ನೇ ಬೆಳೆಸಿ ‘ಮೇಜಿನ್’ ಕಾದಂಬರಿ ಬರೆದರು. ಅದರಲ್ಲಿ ಕಿತಾನಿಯ ಹೆಸರು ಓತಾಕೆ ಎಂದಿದೆ.

ಬರೆದಿಟ್ಟವರ ಆಟ

ಇಷ್ಟೆಲ್ಲ ವಾದ ಇವತ್ತಿಗೂ ನಡೆಯುತ್ತಿರುವುದು ಹೇಗೆ? ಹೊಗಳಿಕೆಯಿಂದ ಅಲ್ಲ, ಕಾದಂಬರಿಯಿಂದಲೂ ಅಲ್ಲ. ಒಂದು ಹಾಳೆಯಿಂದ.

ಗೋದಲ್ಲಿ ಮುಖ್ಯ ಆಟಗಳನ್ನು ಹಾಳೆಯ ಮೇಲೆ ಬರೆದಿಡುತ್ತಾರೆ. ಪಟದ ಚಿತ್ರ ಬರೆದು, ಕಾಯಿ ಬಿದ್ದ ಜಾಗದಲ್ಲಿ 1, 2, 3 ಎಂದು ಸಂಖ್ಯೆ. ಅಷ್ಟೇ. ಭಾಷೆ ಬೇಡ. 1938ರ ಆಟದ ಹಾಳೆ ಹಿಡಿದು ಇಂದು ಮಾನ್ವಿಯ ಹೈಸ್ಕೂಲ್ ಹುಡುಗಿಯೊಬ್ಬಳು ಎರಡು ಬಣ್ಣದ ಕಾಳು ಇಟ್ಟುಕೊಂಡು ಶೂಸೈ, ಕಿತಾನಿ ಇಬ್ಬರ ಆಟವನ್ನೂ ಅಂಗಳದಲ್ಲಿ ಮತ್ತೆ ಆಡಬಲ್ಲಳು. ಬರೆದಿಡುವ ಈ ರೂಢಿಯಿಂದಲೇ ಶೋಗುನ್ ಕೋಟೆಯಲ್ಲಿ ನಡೆದ ಆಟಗಳು ಉಳಿದವು. 2016ರ ಮಾರ್ಚಿನಲ್ಲಿ ಸೋಲ್ ನಗರದಲ್ಲಿ ಗೋ ಆಟಗಾರ ಲೀ ಸೆಡಾಲ್ ಅವರನ್ನು 4–1ರಿಂದ ಸೋಲಿಸಿದ ಆಲ್ಫಾಗೋ ಎಂಬ ಕಂಪ್ಯೂಟರ್ ಪ್ರೋಗ್ರಾಂ ಕೂಡ ಮೊದಲು ಕಲಿತದ್ದು ಮನುಷ್ಯರು ಆಡಿ ದಾಖಲಿಸಿದ ಆಟಗಳಿಂದ.

ಜಪಾನಿನಲ್ಲಿ ಇದಕ್ಕೆ ಹಣ ಕೊಡುವವರಿದ್ದರು ಎಂಬುದನ್ನೂ ಹೇಳಬೇಕು. ಮೊದಲು ಶೋಗುನ್, ಆಮೇಲೆ ಪತ್ರಿಕೆ. ಯೊಮಿಯುರಿ, ಟೋಕಿಯೋ ನಿಚಿನಿಚಿ ಪತ್ರಿಕೆಗಳು ದಿನಕ್ಕೆ ಕೆಲವೇ ನಡೆಗಳನ್ನು ಪ್ರಕಟಿಸಿ, ಧಾರಾವಾಹಿಯಂತೆ ಓದುಗರನ್ನು ಕಾಯಿಸಿದವು.

ನಮ್ಮ ಕಟ್ಟೆಯ ಆಟಕ್ಕೆ ಅಂಥ ಒಡೆಯರು ಸಿಗಲಿಲ್ಲ. ಹಂಪಿಯ ಮಂಟಪಗಳ ನೆಲಗಲ್ಲುಗಳ ಮೇಲೆ ಕೊರೆದ ಆಟದ ಪಟಗಳನ್ನು ಇಂದಿಗೂ ಕಾಣಬಹುದು. ಪಟ ಉಳಿದಿದೆ, ಆಟ ಉಳಿದಿಲ್ಲ. ಅಲ್ಲಿ ಯಾರು ಕೂತರು, ಹುಲಿ ಎಷ್ಟು ಕುರಿ ತಿಂದಿತು, ಯಾವ ಹೆಜ್ಜೆಯಲ್ಲಿ ಸಿಕ್ಕಿಬಿತ್ತು ಎಂಬುದಕ್ಕೆ ಸಾಕ್ಷಿಯಿಲ್ಲ.

ಬರೆದಿಡುವುದು ಗೊತ್ತಿಲ್ಲದ ನಾಡೇನಲ್ಲ ಇದು. 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಬಂಡೆಶಾಸನ ‘ದೇವಾನಾಂಪ್ರಿಯ’ನೆಂಬ ರಾಜ ಯಾರೆಂಬ ಒಗಟನ್ನು ಅಶೋಕನ ಹೆಸರು ಹೇಳಿ ಬಿಡಿಸಿತು. ರಾಯಚೂರು ಕೋಟೆಯ ಗೋಡೆಯಲ್ಲಿ 1294ರ ಶಾಸನವಿರುವ, ನಲವತ್ತು ಅಡಿಗೂ ಉದ್ದದ ಕಲ್ಲಿದೆ. ಕೋಟೆ ಕಟ್ಟಿಸಿದ ಗೋರೆ ಗಂಗಯ್ಯ ರೆಡ್ಡಿಯ ಹೆಸರು ಅದರಿಂದಲೇ ಉಳಿದದ್ದು. ಮಾನ್ವಿ ಸೀಮೆಯ ವಿಜಯದಾಸರು, ಜಗನ್ನಾಥದಾಸರು, ದೇವದುರ್ಗದ ಕಡೆಯ ಗೋಪಾಲದಾಸರು ಹಾಡಿದ್ದನ್ನು ಓಲೆಯಲ್ಲಿ ಬರೆದುಕೊಂಡವರಿದ್ದರು. ಆಟವನ್ನು ಮಾತ್ರ ಆಟವೆಂದು ಬಿಟ್ಟರು.

ಒಬ್ಬರು ಬಿಡಲಿಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು. ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಒಂದಾದ ಕೌತುಕನಿಧಿಯನ್ನು ಅವರು ಆಟಗಳಿಗೇ ಮೀಸಲಿಟ್ಟರು. ಚದುರಂಗದ ಕುದುರೆ ಎಲ್ಲ ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ಒಗಟಿನಲ್ಲೂ ಅವರಿಗೆ ಅಪಾರ ಆಸಕ್ತಿ. ಆದರೆ ಅರಮನೆಯ ಮಣೆಗಳು ಗ್ರಂಥ ಸೇರಿದಷ್ಟು ಸುಲಭವಾಗಿ ಬೇವಿನ ಕಟ್ಟೆಯ ಗೆರೆಗಳು ಸೇರಲಿಲ್ಲ.

ಹುಲಿ-ಕುರಿ ಹಗುರವಾದ ಆಟವೆಂದು ತಳ್ಳಿಹಾಕುವವರಿಗೆ ಒಂದು ಮಾತು. ಇದರ ದಾಯಾದಿ ನೇಪಾಳದ ಬಾಘ್-ಚಾಲ್. ನಾಲ್ಕು ಹುಲಿ, ಇಪ್ಪತ್ತು ಕುರಿ, 25 ಕೂಡುಜಾಗ. ಅದನ್ನು ಲಿಮ್ ಯೂ ಜಿನ್ ಮತ್ತು ಯೂರ್ಗ್ ನೀವರ್‌ಗೆಲ್ಟ್ ಎಂಬ ಸಂಶೋಧಕರು ಕಂಪ್ಯೂಟರಿಗೆ ಹಾಕಿ ಬಿಡಿಸಿದರು. ಎರಡೂ ಕಡೆಯವರು ತಪ್ಪದೆ ಆಡಿದರೆ ಆಟ ಸಮ ಎಂಬುದು ಅವರ ತೀರ್ಪು. ಬಿಡಿಸಲು ಕಂಪ್ಯೂಟರಿಗೂ ಸಾಕಷ್ಟು ಬೆವರು ಹರಿಯಿತು. ನಮ್ಮ ಕಡೆಯ ತ್ರಿಕೋನದ ಪಟದಲ್ಲಿ ಮೂರು ಹುಲಿ, ಹದಿನೈದು ಕುರಿ ಇಟ್ಟು ಪಳಗಿದ ಇಬ್ಬರು ಹಿರಿಯರು ಆಡಿದರೆ ಯಾವ ಹೆಜ್ಜೆಯಲ್ಲಿ ಆಟ ತಿರುಗುತ್ತದೆ? ಹೇಳಲು ಮೊದಲು ಆಡಿದ ಆಟ ಕಣ್ಣ ಮುಂದಿರಬೇಕು.

ಅದಕ್ಕೆ ಶೋಗುನ್ ಬೇಕಿಲ್ಲ, ಪತ್ರಿಕೆಯ ಹಣವೂ ಬೇಕಿಲ್ಲ. ನಮ್ಮಲ್ಲಿ ಹೆಚ್ಚಾಗಿ ಕಾಣುವ ಹುಲಿ-ಕುರಿ ಪಟದಲ್ಲಿ ಗೆರೆ ಕೂಡುವ ಜಾಗ 23. ನೆತ್ತಿಯಿಂದ ಶುರುಮಾಡಿ ಎಡದಿಂದ ಬಲಕ್ಕೆ 1ರಿಂದ 23ರವರೆಗೆ ಸಂಖ್ಯೆ ಹಾಕಿ. ಕುರಿ ಇಳಿದರೆ ಆ ಜಾಗದ ಸಂಖ್ಯೆ. ಹುಲಿಯೋ ಕುರಿಯೋ ಸರಿದರೆ ಎಲ್ಲಿಂದ ಎಲ್ಲಿಗೆ ಎಂಬ ಎರಡು ಸಂಖ್ಯೆ. ಕುರಿ ಹೋದರೆ ಪಕ್ಕದಲ್ಲೊಂದು ಗುಣಾಕಾರ ಚಿಹ್ನೆ. ಊರೂರಿಗೆ ಪಟವೂ ನಿಯಮವೂ ಬೇರೆಯಾಗುವುದರಿಂದ ಪಟದ ಚಿತ್ರವನ್ನೂ, ನಿಮ್ಮೂರಿನ ನಿಯಮವನ್ನೂ ಹಾಳೆಯ ಮೇಲ್ಭಾಗದಲ್ಲಿ ಬರೆಯಿರಿ.

ಈ ಬೇಸಗೆ ರಜೆಯಲ್ಲಿ ದೇವದುರ್ಗ, ಮಾನ್ವಿ, ರಾಯಚೂರಿನ ಮಕ್ಕಳು ಅಜ್ಜ, ಮುತ್ಯಾರ ಪಕ್ಕದಲ್ಲಿ ನೋಟ್‌ಬುಕ್ ಹಿಡಿದು ಕೂತರೆ ಸಾಕು. ಒಂದು ಆಟ ಒಂದೆರಡು ಪುಟದಲ್ಲಿ ಹಿಡಿಯುತ್ತದೆ. ಆಡಿದ ಇಬ್ಬರ ಹೆಸರು, ಊರು, ದಿನಾಂಕ ಬರೆಯುವುದನ್ನು ಮರೆಯಬೇಡಿ. ಬರೆದದ್ದರ ಒಂದು ಪ್ರತಿಯನ್ನು ನಿಮ್ಮ ಶಾಲೆಯ ಗ್ರಂಥಾಲಯಕ್ಕೆ ಕೊಡಿ.